ನಾಲ್ಕು ದಿನದ ಫಾರಿನ್, ಅರ್ಧ ದಿನದ ಸೈಕಲ್ಲು

ಭಾನುವಾರ ಬೆಳಗಿನ ಐದೂವರೆಗೆ ಬ್ಯಾಡರಹಳ್ಳಿಯಲ್ಲಿ ಮಾಗಡಿ ರಸ್ತೆ ಸೈಕಲ್ಲಿನವರ ಕೈಯಲ್ಲಿರುತ್ತದೆ. ಆರೂವರೆಗೆ ಟಿಪ್ಪರ್‌ಗಳು, ಏಳಕ್ಕೆ ಬಿಎಂಟಿಸಿ, ಎಂಟಕ್ಕೆ ಎಲ್ಲರೂ. ಅಷ್ಟರೊಳಗೆ ಕಡಬಗೆರೆ ಕ್ರಾಸ್ ದಾಟಿ, ತಾವರೆಕೆರೆಯಲ್ಲಿ ಒಂದು ಲೋಟ ಟೀ ಕುಡಿದು, ಮಂಚನಬೆಲೆ ಕಡೆಗೋ ಸಾವನದುರ್ಗದ ಕಡೆಗೋ ತಿರುಗಿಬಿಟ್ಟರೆ ಬದುಕಿದಂತೆ. ಇನ್ನು ಕೆಲವು ವರ್ಷಕ್ಕೆ ಈ ರಸ್ತೆಯ ಮೇಲೆ ಮೆಟ್ರೊ ಬರಲಿದೆ. ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಬ್ಯಾಡರಹಳ್ಳಿಗೂ ಒಂದು ನಿಲ್ದಾಣವಿದೆ. ಕಾಮಗಾರಿ ಶುರುವಾದ ಮೇಲೆ ಸೈಕಲ್ಲಿನವರ ಗತಿ ಏನೆಂದು ಕೇಳಬೇಡಿ. ಸದ್ಯಕ್ಕೆ ಐದೂವರೆ ನಮ್ಮದು.

ಈ ಗುಂಪಿನಲ್ಲಿ ಪೀಣ್ಯದ ಮಷಿನ್ ಶಾಪಿನವರಿದ್ದಾರೆ, ಬ್ಯಾಂಕಿನವರಿದ್ದಾರೆ, ಬಿಇಎಲ್ ಲೇಔಟಿನ ನಿವೃತ್ತರಿದ್ದಾರೆ, ಸಾಫ್ಟ್‌ವೇರ್‌ನವರಂತೂ ಇದ್ದೇ ಇದ್ದಾರೆ. ಇವರಲ್ಲಿ ಅನೇಕರನ್ನು ಕಂಪನಿ ವರ್ಷಕ್ಕೊಮ್ಮೆಯಾದರೂ ಹೊರದೇಶಕ್ಕೆ ಅಟ್ಟುತ್ತದೆ. ಒಂದು ಮೀಟಿಂಗ್, ಒಂದು ಮಷಿನ್ ಪರೀಕ್ಷೆ, ಒಂದು ತರಬೇತಿ. ಇಲ್ಲವೇ ಮಗಳ ಮನೆ, ತಮ್ಮನ ಮನೆ. ನಾಲ್ಕು ದಿನ, ಹೆಚ್ಚೆಂದರೆ ವಾರ. ಸೈಕಲ್ ಹುಚ್ಚು ಹಿಡಿದವರಿಗೆ ವೀಸಾ ಸ್ಟಾಂಪು ಬಿದ್ದ ಕೂಡಲೇ ಬರುವ ಯೋಚನೆ ಒಂದೇ: ಅಲ್ಲಿ ಬೆಟ್ಟ ಎಲ್ಲಿದೆ, ಬಾಡಿಗೆ ಸೈಕಲ್ ಯಾರು ಕೊಡುತ್ತಾರೆ, ಬಿಡುವು ಯಾವಾಗ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ದಿನ, ಒಂದೇ ಟ್ರೇಲ್, ಉಳಿದುಕೊಂಡ ಜಾಗಕ್ಕೆ ಹತ್ತಿರದ್ದು, ಬಾಡಿಗೆ ಸೈಕಲ್ಲು. ದೊಡ್ಡ ಹೆಸರಿನ ಪರ್ವತದ ಬೆನ್ನು ಹತ್ತಿದವರು ಅರ್ಧ ದಿನವನ್ನು ರೈಲಿನಲ್ಲೂ ಉಳಿದರ್ಧವನ್ನು ಅಂಗಡಿಯ ಕೌಂಟರಿನಲ್ಲೂ ಕಳೆದು ಬಂದದ್ದನ್ನು ಕಂಡಿದ್ದೇನೆ. ಈ ಲೆಕ್ಕಕ್ಕೆ ಸರಿಯಾಗಿ ಹೊಂದುವ ಊರು ಸಿಂಗಪುರ. ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆ ಹಾರಾಟ, ಗಡಿಯಾರದಲ್ಲಿ ಎರಡೂವರೆ ಗಂಟೆ ಮಾತ್ರ ವ್ಯತ್ಯಾಸ.

ಬೆಟ್ಟವೇ ಇಲ್ಲದ ಊರಿನಲ್ಲಿ ಮೌಂಟನ್ ಬೈಕಾ ಎಂದು ನಗುವವರುಂಟು. ನಗಲಿ. ಸಿಂಗಪುರದ ಅತಿ ಎತ್ತರದ ಜಾಗ ಬುಕಿಟ್ ತಿಮಾ, ಬರೀ 163 ಮೀಟರ್. ಬ್ಯಾಡರಹಳ್ಳಿಯ ಮನೆಯ ಮೊದಲ ಮೆಟ್ಟಿಲೇ ಸಮುದ್ರಮಟ್ಟದಿಂದ ಅದರ ಐದು ಪಟ್ಟು ಮೇಲಿದೆ. ನಮ್ಮ ಸಾವನದುರ್ಗ 1226 ಮೀಟರ್. ಆದರೆ ಸೈಕಲ್ಲಿನ ಟೈರಿಗೆ ಸಮುದ್ರಮಟ್ಟದ ಲೆಕ್ಕ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಕೆಳಗಿರುವ ಕಲ್ಲು, ಬೇರು, ತಿರುವು, ಇಳಿಜಾರು. ಆ ವಿಷಯದಲ್ಲಿ ಸಿಂಗಪುರದ ಪುಲಾವ್ ಉಬಿನ್ ದ್ವೀಪ ಮಾಗಡಿ ಸೀಮೆಯವರಿಗೆ ಪರದೇಶ ಅನ್ನಿಸುವುದೇ ಇಲ್ಲ. ಅದೂ ಗ್ರಾನೈಟ್ ನೆಲ.

ಸಾವನದುರ್ಗ, ರಾಮನಗರದ ಬಂಡೆಗಳನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಉಬಿನ್‌ನ ಗ್ರಾನೈಟ್ ಅದರ ಮುಂದೆ ಮರಿಮಗು, ಇಪ್ಪತ್ತು ಕೋಟಿ ವರ್ಷದ ಮೇಲೆ ಸ್ವಲ್ಪ. ಆದರೂ ಒಣಗಿದ ಬಂಡೆಯ ಮೇಲೆ ರಬ್ಬರ್ ಕಚ್ಚಿ ಹಿಡಿಯುವ ರೀತಿ, ಅದೇ ಬಂಡೆ ನೆನೆದಾಗ ಪಾಚಿಯ ಮೇಲೆ ಜಾರುವ ರೀತಿ, ಬಂಡೆಯ ಮೇಲೆ ಉದುರಿದ ದಪ್ಪ ಮರಳು ಚಕ್ರವನ್ನು ಕಸಿದುಕೊಳ್ಳುವ ರೀತಿ ಎಲ್ಲವೂ ಮಂಚನಬೆಲೆ ಹಿಂದಿನ ಗುಡ್ಡಗಳಲ್ಲಿ ಕಲಿತದ್ದೇ.

ಉಬಿನ್‌ಗೆ ಹೋಗುವ ದಾರಿಯೇ ಅರ್ಧ ಸಂತೋಷ. ತಾನಾ ಮೆರಾ ಮೆಟ್ರೊ ನಿಲ್ದಾಣದಲ್ಲಿ ಇಳಿದು 2ನೇ ನಂಬರ್ ಬಸ್ಸು ಹಿಡಿದರೆ ಚಾಂಗಿ ವಿಲೇಜ್. ಅಲ್ಲಿಂದ ಎರಡು ಹೆಜ್ಜೆಗೆ ದೋಣಿ ನಿಲ್ದಾಣ. ನಿಮಿಷಕ್ಕೆ ನಿಮಿಷ ರೈಲು ಓಡಿಸುವ ಆ ದೇಶದಲ್ಲಿ ಈ ಮರದ ದೋಣಿಗಳಿಗೆ ಮಾತ್ರ ವೇಳಾಪಟ್ಟಿ ಇಲ್ಲ. ಹನ್ನೆರಡು ಜನ ತುಂಬಿದರೆ ಹೊರಡುತ್ತದೆ, ಇಲ್ಲದಿದ್ದರೆ ಕೂತಿರಿ. ತಾವರೆಕೆರೆಯಲ್ಲಿ ಆಳು ತುಂಬುವ ತನಕ ಕಾಯುವ ಟೆಂಪೊದಲ್ಲಿ ಕೂತು ಬಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತಲೆಗೆ 4 ಸಿಂಗಪುರ ಡಾಲರ್ ಆಸುಪಾಸು, ಸೈಕಲ್ ಇದ್ದರೆ ಅದಕ್ಕೆ ಬೇರೆ. ಕೈಯಲ್ಲಿ ಚಿಲ್ಲರೆ ನೋಟು ಇರಲಿ. ಹತ್ತು ಹದಿನೈದು ನಿಮಿಷದಲ್ಲಿ ಆಚೆ ದಡ.

ದಡದಲ್ಲೇ ಸಾಲಾಗಿ ಬಾಡಿಗೆ ಸೈಕಲ್ ಅಂಗಡಿಗಳಿವೆ. ರಸ್ತೆಯಲ್ಲಿ ತಿರುಗಾಡಲು ಆ ಸೈಕಲ್ಲು ಸಾಕು. ಟ್ರೇಲಿಗೆ ಇಳಿಯುವವರು ಮಾತ್ರ ಸುಮ್ಮನೆ ಮೊದಲು ಸಿಕ್ಕಿದ್ದನ್ನು ಹತ್ತಬಾರದು. ಬ್ರೇಕ್ ಒತ್ತಿ ನೋಡಿ, ಲಿವರ್ ಹ್ಯಾಂಡಲಿಗೆ ತಾಗಿದರೆ ಬೇಡ ಅನ್ನಿ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಅಲ್ಲಾಡಿದರೆ ಬೇಡ. ಗೇರ್ ಎಲ್ಲ ಬೀಳುತ್ತದೆಯೇ ನೋಡಿ, ಸೀಟಿನ ಎತ್ತರ ಸರಿಮಾಡಿಸಿ. ಒಳ್ಳೆಯ ಶಾಕ್ ಇರುವ ಸೈಕಲ್ಲೇ ಬೇಕೆಂದರೆ ನಗರದೊಳಗೆ ಅದಕ್ಕೆಂದೇ ಇರುವ ಅಂಗಡಿಯಿಂದ ಮುಂಚೆಯೇ ಬುಕ್ ಮಾಡಿ ದೋಣಿಗೆ ಏರಿಸಬೇಕು. ಒಂದು ಬೆಳಗಿನ ಸವಾರಿಗೆ ಅಷ್ಟು ಪಾಡು ಬೇಕೇ ಎಂಬುದು ನಿಮ್ಮ ಜೇಬಿಗೆ, ಹುಚ್ಚಿಗೆ ಬಿಟ್ಟದ್ದು.

ದ್ವೀಪದ ಪಶ್ಚಿಮಕ್ಕೆ ಕೇತಮ್ ಎಂಬ ಹಳೆಯ ಕಲ್ಲುಗಣಿ ಇದೆ. ಉಬಿನ್‌ನಿಂದ ತೆಗೆದ ಕಲ್ಲಿನಲ್ಲೇ ಸಿಂಗಪುರ ಮತ್ತು ಮಲೇಷ್ಯಾದ ಜೊಹೊರ್ ನಡುವಿನ ಸೇತುದಾರಿ ಕಟ್ಟಿದ್ದು, 1924ರಲ್ಲಿ ಅದು ಓಡಾಟಕ್ಕೆ ತೆರೆಯಿತು. 1851ರ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ ಇಲ್ಲಿನದೇ ಕಲ್ಲು. 1990ರ ದಶಕದ ಕೊನೆಗೆ ಗಣಿಗಾರಿಕೆ ನಿಂತಿತು, ಗುಂಡಿಗಳಲ್ಲಿ ನೀರು ತುಂಬಿತು, ಕಾಡು ಮರಳಿ ಬಂತು. 2008ರಲ್ಲಿ ಕೇತಮ್ ಗಣಿಯ ಸುತ್ತ ಮೌಂಟನ್ ಬೈಕ್ ಪಾರ್ಕ್ ಮಾಡಿದರು. ನಮ್ಮ ಕಡೆ ಕಲ್ಲು ತೆಗೆದು ಬಿಟ್ಟ ಗುಂಡಿಗಳೇನು ಕಡಿಮೆಯೇ? ಅವುಗಳ ಸುತ್ತ ಬೇಲಿಯೂ ಇರುವುದಿಲ್ಲ. ಮಳೆಗಾಲ ಬಂದರೆ ಈಜಲು ಹೋದ ಹುಡುಗರು ಮುಳುಗಿದ ಸುದ್ದಿ ಬರುತ್ತದೆ. ಅಲ್ಲಿ ಅಂಥದೇ ಗುಂಡಿಯ ಅಂಚಿನಲ್ಲಿ ಬೇಲಿ, ದಾರಿ, ಫಲಕ.

ಫಲಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೊರದೇಶದಲ್ಲಿ ಹೊಸಬರ ಕೈಕಾಲು ಉಳಿಸುವುದು ಅದೇ. ಸ್ಕೀಯಿಂಗ್‌ನವರಿಂದ ಬಂದ ಪದ್ಧತಿ ಅದು: ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರಾಕಾರವೆಂದರೆ ಕಷ್ಟ, ಎರಡು ಕಪ್ಪು ವಜ್ರಾಕಾರವೆಂದರೆ ಪಳಗಿದವರಿಗೆ ಮಾತ್ರ. ಅನೇಕ ಕಡೆ ಸುಲಭದ ದಾರಿಗೆ ಹಸಿರು ವೃತ್ತ ಇರುತ್ತದೆ. ಕವಲಿನಲ್ಲಿ ನಿಂತು ನೋಡಿ, ನಿಮಗೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಸಾವನದುರ್ಗದ ಕಡೆ ಜಾರುವ ಬಂಡೆಗೆ ಬಂದು ನಿಂತ ಮೇಲೆಯೇ ಅದು ಜಾರುವ ಬಂಡೆ ಎಂದು ತಿಳಿಯುವುದು. ಹೊಸ ನೆಲದಲ್ಲಿ, ಬಾಡಿಗೆ ಸೈಕಲ್ಲಿನಲ್ಲಿ, ಮರುದಿನ ವಿಮಾನ ಇರುವವರು ಊರಿನಲ್ಲಿ ತುಳಿಯುವುದಕ್ಕಿಂತ ಒಂದು ದರ್ಜೆ ಕೆಳಗಿನದನ್ನೇ ಆರಿಸಿಕೊಳ್ಳಬೇಕು. ಇದರಲ್ಲಿ ನಾನು ಚೌಕಾಸಿಗೆ ಸಿದ್ಧನಿಲ್ಲ.

ಉಬಿನ್‌ಗೆ ಒಂದು ಸ್ಥಳಪುರಾಣವೂ ಇದೆ. ಕಪ್ಪೆ, ಹಂದಿ, ಆನೆ ಮೂರೂ ಸೇರಿ ಆಚೆ ದಡದ ಜೊಹೊರ್‌ಗೆ ಯಾರು ಮೊದಲು ಈಜಿ ಮುಟ್ಟುತ್ತಾರೆ ಎಂದು ಪಂಥ ಕಟ್ಟಿದವಂತೆ. ಮುಟ್ಟಲಾರದವರು ಕಲ್ಲಾಗಬೇಕು. ಮೂರೂ ಮುಟ್ಟಲಿಲ್ಲ. ಆನೆ, ಹಂದಿ ಸೇರಿ ಉಬಿನ್ ಆದವು, ಕಪ್ಪೆ ಪಕ್ಕದ ಸೆಕುಡು ಎಂಬ ಪುಟ್ಟ ದ್ವೀಪವಾಯಿತು. ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ ನೋಡಿ ಬೆಳೆದವರಿಗೆ ಕಲ್ಲಿಗೊಂದು ಕಥೆ ಇರುವುದು ಹೊಸದಲ್ಲ. ಹಂದಿ ಮಾತ್ರ ಕಥೆಯಿಂದೆದ್ದು ಬಂದಂತೆ ಈಗಲೂ ದಾರಿಗೆ ಅಡ್ಡ ಬರುತ್ತದೆ, ಮರಿಗಳ ಸಮೇತ. ಸೈಕಲ್ ನಿಲ್ಲಿಸಿ ಬಿಟ್ಟುಕೊಡುವುದು ಒಳ್ಳೆಯದು.

ವೇಳೆಯ ಬಗ್ಗೆ ಒಂದು ಮಾತು. ಬೆಂಗಳೂರಿನ ಅಭ್ಯಾಸದಂತೆ ಐದೂವರೆಗೆ ಹೊರಟರೆ ಸಿಂಗಪುರದಲ್ಲಿ ಕಗ್ಗತ್ತಲು. ಅಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಅಲ್ಲಿನ ಏಳು ಗಂಟೆ ಎಂದರೆ ನಮ್ಮ ನಾಲ್ಕೂವರೆ, ಅಂದರೆ ಭಾನುವಾರ ನಮ್ಮ ಅಲಾರಂ ಹೊಡೆಯುವ ಹೊತ್ತು. ಹಾಗಾಗಿ ಮೈ ಗಡಿಯಾರ ಬದಲಿಸುವ ತೊಂದರೆಯೇ ಇಲ್ಲ. ತೊಂದರೆ ಕೊಡುವುದು ಸೆಕೆ. ಒಂಬೈನೂರು ಮೀಟರ್ ಎತ್ತರದ ತಂಪಿನಲ್ಲಿ ಬೆಳೆದ ಮೈ ಸಮುದ್ರಮಟ್ಟದ ಹಬೆಗೆ ಇಳಿದಾಗ ಅರ್ಧ ಗಂಟೆಗೇ ಬಾಟಲಿ ಖಾಲಿ. ಉಪ್ಪು, ಸಕ್ಕರೆ, ನಿಂಬೆ ಬೆರೆಸಿದ ನೀರು ಎರಡು ಪಾಲು ಬೇಕು. ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲಿನ ಮಳೆ ಬರುವುದು ಅಲ್ಲಿನ ರೂಢಿ. ಹನ್ನೊಂದಕ್ಕೆ ಮುಗಿಸಿ ದೋಣಿ ಹತ್ತಿದರೆ ಎಲ್ಲದಕ್ಕೂ ಕ್ಷೇಮ.

ದ್ವೀಪಕ್ಕೆ ಹೋಗುವಷ್ಟೂ ಹೊತ್ತಿಲ್ಲದವರಿಗೆ ನಗರದೊಳಗೇ ಬುಕಿಟ್ ತಿಮಾ ಟ್ರೇಲ್ ಇದೆ, ಸುಮಾರು ಆರು ಕಿಲೋಮೀಟರ್. 1883ರಿಂದ ಕಾಯ್ದಿಟ್ಟ ಕಾಡಿನ ಅಂಚನ್ನು ಸುತ್ತಿ ಬರುತ್ತದೆ. ನಡೆಯುವವರ ದಾರಿ ಬೇರೆ, ಸೈಕಲ್ಲಿನ ದಾರಿ ಬೇರೆ. ಎರಡೂ ಸೇರುವ ಕಡೆ ನಡೆಯುವವರಿಗೆ ಮೊದಲ ಹಕ್ಕು. ದಾರಿ ಬಿಟ್ಟು ಒಳನುಗ್ಗಿದರೆ ದಂಡ. ಮಣ್ಣು ಕೊಚ್ಚಿಹೋಗುವ ಕಡೆ ಕಲ್ಲು ಹಾಸಿದ್ದಾರೆ. ಕಾಡಿನ ದುರಸ್ತಿಗೆಂದು 2014ರಿಂದ ಎರಡು ವರ್ಷ ಮೀಸಲು ಕಾಡಿನ ಬಾಗಿಲು ಹಾಕಿ, ಸರಿಮಾಡಿ, 2016ರಲ್ಲಿ ಮತ್ತೆ ತೆರೆದರು. ಬೇಡವೆಂದಾಗ ಮುಚ್ಚುವುದು, ಆಯಿತೆಂದಾಗ ತೆರೆಯುವುದು. ಇದರ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಮನೆಯೊಳಗಿನ ಬೆಟ್ಟ. ಕಚೇರಿ ಕೆಲಸಕ್ಕೆ ಒಬ್ಬರೇ ಹೋದರೆ ಸರಿ, ಸಂಸಾರ ಸಮೇತ ಹೋದರೆ ಬೇರೆಯೇ ಲೆಕ್ಕ. "ರೀ, ಇಷ್ಟು ದುಡ್ಡು ಸುರಿದು ಅಲ್ಲಿಗೂ ಹೋಗಿ ಸೈಕಲ್ ತುಳೀಬೇಕಾ? ಅದನ್ನ ಇಲ್ಲೇ ತುಳೀತೀರಲ್ಲ!" ಎಂಬ ಪ್ರಶ್ನೆಗೆ ಇಂದಿನವರೆಗೆ ಯಾವ ಗಂಡನ ಬಳಿಯೂ ಉತ್ತರ ಇಲ್ಲ. ಉತ್ತರ ಹುಡುಕುವ ಬದಲು ಹೊತ್ತು ಹುಡುಕಬೇಕು. ಮಕ್ಕಳು ಏಳುವ ಮೊದಲು ಹೊರಟು, ಅವರು ತಿಂಡಿ ಮುಗಿಸಿ ತಯಾರಾಗುವ ಹೊತ್ತಿಗೆ ಬಂದು ಬಾಗಿಲು ತಟ್ಟಿದರೆ ಯಾರಿಗೂ ನಷ್ಟವಿಲ್ಲ. ಇದಕ್ಕೆ ಉಬಿನ್‌ಗಿಂತ ಬುಕಿಟ್ ತಿಮಾ ವಾಸಿ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 2013ರಿಂದ ಎಂಟಿಆರ್ ಇದೆ. ಎಲ್ಲರನ್ನೂ ಅಲ್ಲಿಗೆ ಕರೆದೊಯ್ದು ದೋಸೆ ಕೊಡಿಸಿದರೆ ಬೆಳಗಿನ ಗೈರುಹಾಜರಿ ಮಾಫಿ. ಹೋದ ಮೊದಲ ದಿನವೇ ಸವಾರಿ ಮುಗಿಸುವುದೂ ಒಂದು ಉಪಾಯ. ಕೊನೆಯ ದಿನಕ್ಕೆಂದು ಎತ್ತಿಟ್ಟದ್ದು ಮಳೆಗೋ, ಮುಸ್ತಫಾ ಅಂಗಡಿಗೋ ಬಲಿಯಾಗುತ್ತದೆ.

ಸ್ವಂತ ಸೈಕಲ್ ಕೊಂಡೊಯ್ಯಬಾರದೇ ಎಂದು ಕೇಳುವವರಿಗೆ: ವಾರದೊಳಗಿನ ಪ್ರವಾಸಕ್ಕೆ ಬೇಡ. ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಡಿಸ್ಕ್ ಬಾಗದಂತೆ ಸುತ್ತಿ ಡಬ್ಬಕ್ಕೆ ಹಾಕಿದರೆ ನಿಮ್ಮ ಲಗೇಜಿನ ಲೆಕ್ಕ ಅಲ್ಲಿಗೇ ಮುಗಿಯಿತು. ಆ ಡಬ್ಬ ಎಲ್ಲ ಟ್ಯಾಕ್ಸಿಯಲ್ಲೂ ಹಿಡಿಸುವುದಿಲ್ಲ. ಅದರ ಬದಲು ಹೆಲ್ಮೆಟ್, ಕೈಗವಸು, ಪ್ಯಾಡ್ ಇರುವ ಚಡ್ಡಿ, ಅಭ್ಯಾಸವಾದ ಪೆಡಲ್ ಒಯ್ಯಿರಿ. ಎಡ ಪೆಡಲಿನ ಥ್ರೆಡ್ ಉಲ್ಟಾ ತಿರುಗುತ್ತದೆಂಬುದು ನೆನಪಿರಲಿ. ಅಲೆನ್ ಕೀ ಸೆಟ್ಟು ಚೆಕ್-ಇನ್ ಬ್ಯಾಗಿನಲ್ಲಿರಲಿ, ಕೈಚೀಲದಲ್ಲಿದ್ದರೆ ಭದ್ರತೆಯವರು ತೆಗೆದಿಟ್ಟುಕೊಳ್ಳಬಹುದು. ಗಾಳಿ ತುಂಬುವ ಗ್ಯಾಸ್ ಸಿಲಿಂಡರು ಮನೆಯಲ್ಲೇ ಇರಲಿ. ಪ್ರಯಾಣ ವಿಮೆಯ ಷರತ್ತು ಓದಿ. ಸಾಹಸ ಕ್ರೀಡೆಯ ಪೆಟ್ಟಿಗೆ ಹಣ ಕೊಡುವುದಿಲ್ಲವೆಂಬ ಸಾಲು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಹೆಚ್ಚುವರಿ ಕಂತು ಕಟ್ಟಿದರೆ ಸೇರಿಸುವವರೂ ಇದ್ದಾರೆ.

ಸಿಂಗಪುರ ಬಿಟ್ಟು ಬೇರೆ ದೇಶಕ್ಕೆ ಹೋಗುವವರಿಗೆ ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ನಮ್ಮ ಸ್ಕೂಟರಿನಲ್ಲೂ ಸೈಕಲ್ಲಿನಲ್ಲೂ ಬಲಗೈಗೆ ಮುಂದಿನ ಬ್ರೇಕು, ಎಡಗೈಗೆ ಹಿಂದಿನದು. ರಸ್ತೆಯ ಎಡಕ್ಕೆ ಓಡಿಸುವ ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಸಾಮಾನ್ಯವಾಗಿ ಹಾಗೇ. ಅಮೆರಿಕ ಮತ್ತು ಯುರೋಪಿನ ಬಹುಪಾಲು ದೇಶಗಳಲ್ಲಿ ಅದು ಅದಲುಬದಲು, ಎಡಗೈಗೆ ಮುಂದಿನದು. ಇಳಿಜಾರಿನಲ್ಲಿ ಗಾಬರಿಯಾಗಿ ಹಿಂದಿನ ಬ್ರೇಕೆಂದು ಎಡಗೈ ಬಿಗಿದರೆ ಮುಂದಿನ ಚಕ್ರ ನಿಂತು ಸವಾರ ಹ್ಯಾಂಡಲ್ ಮೇಲಿನಿಂದ ಹಾರುತ್ತಾನೆ. ಎಷ್ಟು ವರ್ಷ ಆಕ್ಟಿವಾ ಓಡಿಸಿದ್ದೀರೋ ಅಷ್ಟು ಗಟ್ಟಿ ಆ ತಪ್ಪು ಅಭ್ಯಾಸ. ಅಂಗಡಿಯಲ್ಲೇ ಒತ್ತಿ ನೋಡಿ, ಬದಲಿಸಿ ಕೊಡಲು ಕೇಳಿ. ಆಗದಿದ್ದರೆ ಟ್ರೇಲಿಗೆ ಇಳಿಯುವ ಮುನ್ನ ಪಾರ್ಕಿಂಗ್ ಜಾಗದಲ್ಲಿ ಕಾಲು ಗಂಟೆ ಸುತ್ತಿ ಕೈಗೆ ಪಾಠ ಹೇಳಿ.

ನ್ಯೂಜಿಲೆಂಡಿಗೆ ಹೋಗುವವರು ಶೂ ತೊಳೆಯಬೇಕು. ತಮಾಷೆಯಲ್ಲ. ಹೊರಗಿನ ಮಣ್ಣು, ಬೀಜ ಒಳಗೆ ಬರದಂತೆ ಅಲ್ಲಿ ಕಾವಲಿದೆ. ಅಟ್ಟೆಯಲ್ಲಿ ಮಾಗಡಿಯ ಕೆಮ್ಮಣ್ಣು ಅಂಟಿದ್ದು ಫಾರಂನಲ್ಲಿ ತಿಳಿಸದಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು. ತೊಳೆದುಕೊಂಡು ಹೋದವರಿಗೆ ರೊಟೊರುವಾದ ಫಾಕರೆವರೆವ ಕಾಡು ಕಾದಿದೆ. 2006ರ ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಆ ಊರಿನಲ್ಲೇ.

ದುಬೈನಲ್ಲಿ ನೆಂಟರಿಲ್ಲದ ಕನ್ನಡಿಗರ ಮನೆ ಅಪರೂಪ. ಅಲ್ಲಿಂದ 130 ಕಿಲೋಮೀಟರ್ ದೂರದ ಹತ್ತಾದಲ್ಲಿ ಬೋಳು ಬೆಟ್ಟಗಳ ನಡುವೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಹಚ್ಚಿದ ಟ್ರೇಲುಗಳಿವೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಆ ಮಾತು ಎತ್ತಬೇಕು. ನೇಪಾಳ, ಭೂತಾನ್‌ಗೆ ನಮಗೆ ವೀಸಾ ಬೇಡ. ಕಠ್ಮಂಡು ಕಣಿವೆಯ ಸುತ್ತ ಒಂದು ದಿನದ ದಾರಿಗಳಿವೆ. ಭೂತಾನಿನಲ್ಲಿ 2010ರಲ್ಲಿ ಶುರುವಾದ ಟೂರ್ ಆಫ್ ದಿ ಡ್ರ್ಯಾಗನ್ ಒಂದೇ ದಿನದಲ್ಲಿ 268 ಕಿಲೋಮೀಟರ್ ಬೆಟ್ಟ ತುಳಿಸುವ ಸ್ಪರ್ಧೆ. ಅದು ಅರ್ಧ ದಿನದ ಬಿಡುವಿಗೆ ತುರುಕುವ ವಸ್ತುವಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವವರು ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆ ದಾಟಿ ಮರಿನ್ ಕೌಂಟಿಗೆ ಹೋಗಿ ಬರಲಿ. ಮೌಂಟನ್ ಬೈಕ್ ಎಂಬ ಆಟ ರೂಪ ಪಡೆದದ್ದು ಅಲ್ಲಿನ ಟಾಮಲ್‌ಪೈಸ್ ಬೆಟ್ಟದ ಸುತ್ತ. ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಂಕಿ ನಂದಿಸುವ ಲಾರಿಗಳಿಗೆಂದು ಮಾಡಿದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದ ಗುಂಪು 1976ರ ಅಕ್ಟೋಬರ್‌ನಲ್ಲಿ ಮೊದಲ ರೇಸ್ ಕಟ್ಟಿತು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಅವುಗಳ ಬ್ರೇಕು ಒಂದೇ ಇಳಿತಕ್ಕೆ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ, ಪ್ರತಿ ಸಲ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಮರುವರ್ಷ ಜೋ ಬ್ರೀಜ್ ಅದಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. ಗ್ಯಾರಿ ಫಿಶರ್, ಟಾಮ್ ರಿಚಿ ಅದನ್ನು ವ್ಯಾಪಾರ ಮಾಡಿದರು. ಇಪ್ಪತ್ತೇ ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಅದು ಒಲಿಂಪಿಕ್ಸ್ ಕ್ರೀಡೆ. ಇಷ್ಟಾದರೂ ಹುಟ್ಟಿದ ಬೆಟ್ಟದಲ್ಲೇ ಕಿರುದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆ ಮುಚ್ಚಿವೆ. ಅಗಲದ ಮಣ್ಣುದಾರಿಗಳಲ್ಲಿ ಮಾತ್ರ, ಅದೂ ವೇಗದ ಮಿತಿಯೊಳಗೆ, ತುಳಿಯಬಹುದು. ನಡೆಯುವವರಿಗೂ ಸೈಕಲ್ಲಿನವರಿಗೂ ಜಗಳ ಎಲ್ಲ ಕಡೆಯೂ ಇದೆ, ಬೆಂಗಳೂರಿಗೆ ಸೀಮಿತವಲ್ಲ.

ಹಾಗೆಂದು ಬೆಂಗಳೂರಿನದನ್ನು ಮುಚ್ಚಿಡಲೂ ಆಗದು. ನಮ್ಮ ಸವಾರರು ಹೊರದೇಶದ ಟ್ರೇಲಿನಲ್ಲಿ ಎಡವದಿರುವುದಕ್ಕೆ ಕಾರಣ ಇಲ್ಲಿನ ಬಂಡೆಗಳು. ಪೆಡಲ್ ಎರಡನ್ನೂ ಸಮನಾಗಿಟ್ಟು ಎದ್ದು ನಿಲ್ಲುವುದು, ಹಿಮ್ಮಡಿ ಕೆಳಗೆ ಒತ್ತುವುದು, ಚಕ್ರದ ಮುಂದೆ ನೋಡದೆ ದಾರಿಯ ದೂರ ನೋಡುವುದು, ಇವನ್ನೆಲ್ಲ ಕಲಿಯಲು ಕನಕಪುರ ರಸ್ತೆಯ ತುರಹಳ್ಳಿ ಕಾಡಿಗಿಂತ ಒಳ್ಳೆಯ ಶಾಲೆ ಊರಿನ ಹತ್ತಿರ ಇರಲಿಲ್ಲ. ಅಲ್ಲಿ 2021ರಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ ಸುತ್ತಲಿನ ನಿವಾಸಿಗಳ ಜೊತೆ ಸೈಕಲ್ಲಿನವರೂ ನಿಂತು ಕಾಡನ್ನು ಕಾಡಾಗಿಯೇ ಬಿಡಿ ಎಂದರು, ಯೋಜನೆಗೆ ತಡೆ ಬಿತ್ತು. ಕಾಡಿನ ಪರ ನಿಂತವರಿಗೆ ಕಾಡಿನೊಳಗೆ ಸೈಕಲ್ ಒಯ್ಯಲು ಮಾತ್ರ ಹಕ್ಕಿಲ್ಲ. ಸಾವನದುರ್ಗದ ಅರಣ್ಯದಲ್ಲೂ ಅಷ್ಟೆ, ಅನುಮತಿ ಇಲ್ಲದೆ ಒಳಹೊಕ್ಕರೆ ಅತಿಕ್ರಮ ಪ್ರವೇಶ. ಅರಣ್ಯ ಇಲಾಖೆಯ ಚಿಂತೆಯನ್ನು ನಾನು ಹಗುರ ಮಾಡುವುದಿಲ್ಲ. ಚಿರತೆ ಇದೆ, ಮಣ್ಣು ಸವೆಯುತ್ತದೆ, ಹಳದಿ ಕೊರಳಿನ ಪಿಕಳಾರದಂಥ ಅಪರೂಪದ ಹಕ್ಕಿ ಈ ಬಂಡೆಗಳ ಪೊದೆಯಲ್ಲೇ ಇರುವುದು. ಮನಬಂದ ಕಡೆ ಚಕ್ರ ನುಗ್ಗಿಸುವ, ಸ್ಪೀಕರ್ ಹಚ್ಚಿಕೊಂಡು ತಿರುಗುವ ಸವಾರರೂ ನಮ್ಮಲ್ಲಿದ್ದಾರೆ.

ಆದರೆ ಬುಕಿಟ್ ತಿಮಾ ಕೂಡ ನೂರ ನಲವತ್ತು ವರ್ಷದಿಂದ ಕಾಯ್ದ ಕಾಡು. ಅವರು ನಡುಗಾಡನ್ನು ಮುಟ್ಟದೆ ಅಂಚಿನಲ್ಲಿ ಆರು ಕಿಲೋಮೀಟರ್ ಗೆರೆ ಎಳೆದು ಕೊಟ್ಟರು, ಗೆರೆ ದಾಟಿದವರಿಗೆ ದಂಡ ಇಟ್ಟರು. ನಮ್ಮ ಸರ್ಕಾರಕ್ಕೂ ಇದು ಅರಿಯದ ವಿದ್ಯೆಯಲ್ಲ. ಚಾರಣಿಗರಿಗೆ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಜಾಲತಾಣದಲ್ಲಿ ದಿನ, ಹೊತ್ತು, ಜನರ ಸಂಖ್ಯೆ ಗೊತ್ತುಮಾಡಿ ಟಿಕೆಟ್ ಕೊಡುತ್ತಿದೆ. ಕೆಲವು ವರ್ಷಗಳ ಹಿಂದೆ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಮ್ಮ ಗದಗಿನಲ್ಲೇ ನಡೆಯಿತು. ವಿಜಯಪುರ, ಬಾಗಲಕೋಟೆಯ ಮಕ್ಕಳು ಸೈಕಲ್ಲಿನಲ್ಲಿ ದೇಶಕ್ಕೇ ಹೆಸರಾದವರು. ಕಲ್ಲಿದೆ, ಕಾಲಿದೆ, ಟಿಕೆಟ್ ಕೊಡುವ ಯಂತ್ರವೂ ಇದೆ.

ಅರಣ್ಯ ಇಲಾಖೆಯವರಲ್ಲಿ ಮಾಗಡಿ ರಸ್ತೆಯ ಸವಾರರ ಪರವಾಗಿ ಕೇಳುವುದು ಇಷ್ಟೆ: ಸಾವನದುರ್ಗದ ಹೊರ ಅಂಚಿನಲ್ಲಿ ಆರು ಕಿಲೋಮೀಟರ್, ಶನಿವಾರ ಭಾನುವಾರ ಬೆಳಗ್ಗೆ ಆರರಿಂದ ಹತ್ತು, ಚಾರಣಕ್ಕೆ ಇಟ್ಟಷ್ಟೇ ಶುಲ್ಕ, ಕವಲಿಗೊಂದು ಫಲಕ. ಒಂದು ವರ್ಷ ನಡೆಸಿ ನೋಡಿ. ಕಾಡಿಗೆ ಕೇಡಾಯಿತೆಂದು ಕಂಡರೆ ಬಾಗಿಲು ಹಾಕಿಬಿಡಿ, ನಾವು ಚಕಾರ ಎತ್ತುವುದಿಲ್ಲ.